ಈಜುಕೊಳದ ನೀರು: ಖಾಲಿ ಮಾಡುವ ಮುನ್ನ ಲೆಕ್ಕ ಹಾಕಿ

ಡೋಣಿ ನದಿಯ ದಂಡೆಯಲ್ಲಿರುವ ತಾಳಿಕೋಟೆಯ ವರ್ತಕರಿಗೆ ಸವಳು ನೀರಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಆದರೂ ವಸತಿಗೃಹಕ್ಕೋ ಶಾಲೆಗೋ ಈಜುಕೊಳ ಕಟ್ಟಿಸಲು ಹೊರಡುವವರು ಟೈಲ್ಸ್, ಪಂಪು, ಫಿಲ್ಟರುಗಳ ದರಪಟ್ಟಿಯನ್ನು ತರಿಸುತ್ತಾರೆಯೇ ಹೊರತು, ಅದರಲ್ಲಿ ತುಂಬಲಿರುವ ಕೊಳವೆಬಾವಿ ನೀರಿನ ಪರೀಕ್ಷಾ ವರದಿಯನ್ನು ತರಿಸುವುದು ಅಪರೂಪ.

25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ 1.5 ಮೀಟರ್ ಆಳದ ಕೊಳವು ಸುಮಾರು 4.7 ಲಕ್ಷ ಲೀಟರ್ ನೀರನ್ನು ಹಿಡಿಯುತ್ತದೆ. ಅಂದರೆ 5,000 ಲೀಟರಿನ 94 ಟ್ಯಾಂಕರ್. ನೀರು ಹಸಿರಾದೊಡನೆ ಎಲ್ಲವನ್ನೂ ಹೊರಹಾಕಿ ಮತ್ತೆ ತುಂಬುವ ಪದ್ಧತಿಯು ಲೆಕ್ಕಪತ್ರದಲ್ಲಿ 'ಇತರೆ ವೆಚ್ಚ' ಎಂಬ ಶೀರ್ಷಿಕೆಯಡಿ ಅಡಗಿಬಿಡುವುದರಿಂದ ಮಾಲೀಕರ ಗಮನಕ್ಕೇ ಬರುವುದಿಲ್ಲ. ಎರೆಮಣ್ಣಿನ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಮಳೆಗೆ ಉಬ್ಬಿದ ಎರೆಮಣ್ಣು ಖಾಲಿ ಕೊಳದ ಗೋಡೆಯನ್ನು ಒಳಕ್ಕೆ ಒತ್ತುತ್ತದೆ. ಆ ಒತ್ತಡವನ್ನು ಎದುರಿಸಲು ಒಳಗೆ ನೀರೇ ಇರುವುದಿಲ್ಲ. ಬಿರುಕು ಬಿಟ್ಟ ಗೋಡೆಯ ದುರಸ್ತಿಯ ಮುಂದೆ ರಾಸಾಯನಿಕಗಳ ಬೆಲೆ ಏನೇನೂ ಅಲ್ಲ.

ನೀರು ಮಬ್ಬಾದರೆ ಬ್ಲೀಚಿಂಗ್ ಪೌಡರ್ ಸುರಿಯುವುದು ಸಾಮಾನ್ಯ ಉಪಾಯ. ಅದರಲ್ಲಿ ಸುಣ್ಣದ ಅಂಶವಿದೆ. ಮೊದಲೇ ಗಡಸಾದ ನೀರಿಗೆ ಅದು ಮತ್ತಷ್ಟು ಸುಣ್ಣವನ್ನು ಸೇರಿಸಿ, ಪಿ.ಎಚ್. ಅನ್ನು ಏರಿಸಿ, ಮಬ್ಬನ್ನು ಹೆಚ್ಚಿಸುತ್ತದೆ. ಪಿ.ಎಚ್. 7.5 ಇರುವಾಗ ನೀರಿನಲ್ಲಿನ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಕ್ರಿಮಿನಾಶಕ್ಕೆ ಒದಗಿದರೆ, 8ಕ್ಕೆ ಏರಿದಾಗ ಕಾಲು ಭಾಗವೂ ಕಷ್ಟ. ಮುಕ್ಕಾಲು ಪಾಲು ಹಣ ವ್ಯರ್ಥವಾಗುವ ಇಂತಹ ಖರೀದಿಯನ್ನು ಯಾವ ವ್ಯಾಪಾರಿಯೂ ತನ್ನ ಅಂಗಡಿಯಲ್ಲಿ ಸಹಿಸಲಾರ. ಇನ್ನು ಮೂಗಿಗೆ ರಾಚುವ ಕ್ಲೋರಿನ್ ವಾಸನೆಯು ಔಷಧ ಹೆಚ್ಚಾದುದರ ಗುರುತೆಂಬ ನಂಬಿಕೆಯೂ ತಪ್ಪು. ಬೆವರು, ಮೂತ್ರಗಳೊಂದಿಗೆ ಸೇರಿ ದುರ್ಬಲಗೊಂಡ ಕ್ಲೋರಿನ್ನಿನ ವಾಸನೆ ಅದು. ಬಹುಪಾಲು ಸಂದರ್ಭಗಳಲ್ಲಿ ಕ್ಲೋರಿನ್ ಸಾಲದಾಗಿರುತ್ತದೆ.

ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ನೀರು ಆವಿಯಾದರೂ ಇಂತಹ ಕೊಳಕ್ಕೆ ನಿತ್ಯ 1,875 ಲೀಟರ್ ಸೇರಿಸಬೇಕು. ನೀರು ಮಾತ್ರ ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಲೀಟರಿಗೆ 1.5 ಗ್ರಾಂ ಲವಣವಿರುವ ನೀರನ್ನು ಸುರಿದರೆ 90 ದಿನಗಳಲ್ಲಿ ಸುಮಾರು 250 ಕಿಲೋ ಲವಣ ಕೊಳದಲ್ಲಿ ಜಮೆಯಾಗುತ್ತದೆ. ಖರ್ಚಿನ ಬದಿಯೇ ಇಲ್ಲದ ಖಾತೆಯಿದು!

ಆದ್ದರಿಂದ ಹಣ ಹೂಡಬೇಕಾದುದು ಮೊದಲು ಪರೀಕ್ಷೆಯಲ್ಲಿ. ಪಿ.ಎಚ್. ಮತ್ತು ಕ್ಲೋರಿನ್ನನ್ನು ದಿನವೂ, ಗಡಸುತನ ಹಾಗೂ ಒಟ್ಟು ಲವಣವನ್ನು ತಿಂಗಳಿಗೊಮ್ಮೆಯೂ ಅಳೆದು ರೋಜುಪುಸ್ತಕದಂತೆ ಬರೆದಿಡಬೇಕು. ಪಿ.ಎಚ್. 7.2ರಿಂದ 7.6ರೊಳಗೆ ನಿಂತರೆ ಅರ್ಧ ತೊಂದರೆ ತಾನಾಗಿ ನೀಗುತ್ತದೆ. ಹಸಿರು ಬಂದರೆ ಗೋಡೆಯನ್ನು ಉಜ್ಜಿ, ಪಿ.ಎಚ್. ಇಳಿಸಿ, ಸಂಜೆಯ ವೇಳೆ ಕ್ಲೋರಿನ್ ಹಾಕಿ, ರಾತ್ರಿಯಿಡೀ ಫಿಲ್ಟರ್ ನಡೆಸುವುದು 94 ಟ್ಯಾಂಕರುಗಳಿಗಿಂತ ಅಗ್ಗ.

ಸೇರಿಸುವ ನೀರಿಗೆ ಮಾಳಿಗೆಯ ಮಳೆನೀರೇ ಉತ್ತಮ. 200 ಚದರ ಮೀಟರ್ ಮಾಳಿಗೆಗೆ 500 ಮಿ.ಮೀ. ಮಳೆ ಬಿದ್ದು, ಐದರಲ್ಲೊಂದು ಪಾಲು ಪೋಲಾದರೂ 80,000 ಲೀಟರ್ ದಕ್ಕುತ್ತದೆ. ಮೇಲಿನ ಲೆಕ್ಕದಂತೆ 42 ದಿನಗಳ ಭರ್ತಿಗೆ ಅದು ಸಾಕು. ಲವಣ ಮಿತಿಮೀರಿದಾಗಲೂ ಕೊಳವನ್ನು ಪೂರ್ತಿ ಬರಿದು ಮಾಡದೆ ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು, ಮತ್ತು ಹೊರಬಿಟ್ಟ ನೀರು ನೆರೆಯವರ ಜೋಳದ ಹೊಲಕ್ಕೆ ಹರಿಯದಂತೆ ನೋಡಿಕೊಳ್ಳಬೇಕು.