ಅಡ್ಡಗೋಡೆಯ ಮೇಲಿನ ದೀಪ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಯಶವಂತರಾವ್ ಚವ್ಹಾಣರ ಹೆಸರು ದಿನನಿತ್ಯ ಕಿವಿಗೆ ಬೀಳುವಂಥದು. ಕೋಥರೂಡಿನ ನಾಟ್ಯಗೃಹಕ್ಕೂ ಅವರದೇ ಹೆಸರು, ಮುಂಬಯಿಗೆ ಹೋಗುವ ದ್ರುತಗತಿ ಮಾರ್ಗಕ್ಕೂ ಅವರದೇ ಹೆಸರು. ಆದರೆ ನಮ್ಮವರಲ್ಲಿ ಅವರ ಮಾತು ಬಂದಾಗಲೆಲ್ಲ ಚರ್ಚೆ ಗಡಿ ವಿವಾದದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಅದನ್ನು ಸದ್ಯಕ್ಕೆ ಬದಿಗಿರಿಸಿ, ವಿರೋಧ ಪಕ್ಷದ ನಾಯಕರಾಗಿ ಅವರು ನಡೆದುಕೊಂಡ ರೀತಿಯನ್ನು ಪರಿಶೀಲಿಸಬೇಕೆಂಬುದು ನನ್ನ ಉದ್ದೇಶ. ಸರಕಾರಿ ಸೇವೆಯಲ್ಲಿರುವ ನಾನು ಇಂದಿನ ಪಕ್ಷ ರಾಜಕಾರಣದ ಕುರಿತು ಬರೆಯುವಂತಿಲ್ಲ. ಇತಿಹಾಸಕ್ಕೆ ಸಂದವರ ಕುರಿತು ಅಭಿಪ್ರಾಯ ಹೇಳಲು ಅಡ್ಡಿಯಿರಲಾರದೆಂದು ಭಾವಿಸಿದ್ದೇನೆ.

ಚವ್ಹಾಣರನ್ನು ಹೇಡಿಯೆಂದು ಯಾರೂ ಕರೆಯಲಾರರು. 1942ರ ಚಳವಳಿಯಲ್ಲಿ ಸಾತಾರಾ ಜಿಲ್ಲೆಯಲ್ಲಿ ಭೂಗತರಾಗಿ ದುಡಿದು ಸೆರೆಮನೆ ಕಂಡವರು ಅವರು. 1956ರಲ್ಲಿ ದ್ವಿಭಾಷಿಕ ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾದಾಗ ಬೀದಿಯಲ್ಲಿ ಸಂಯುಕ್ತ ಮಹಾರಾಷ್ಟ್ರದ ಕೂಗು, ದಿಲ್ಲಿಯಲ್ಲಿ ಹಿರಿಯರ ಅಸಮ್ಮತಿ. ಇವೆರಡರ ನಡುವೆ ತಾಳ್ಮೆಯಿಂದ ದಾರಿ ಮಾಡಿಕೊಂಡು 1960ರ ಮೇ 1ರಂದು ಮಹಾರಾಷ್ಟ್ರದ ಪ್ರಥಮ ಮುಖ್ಯಮಂತ್ರಿಯಾದರು. ಜಿಲ್ಲಾ ಪರಿಷತ್ತುಗಳ 1961ರ ಕಾನೂನು ಅವರ ಕಾಲದ್ದು. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ನೆಹರೂ ಅವರು ರಕ್ಷಣಾ ಖಾತೆಗೆ ಕರೆಸಿಕೊಂಡದ್ದು ಇವರನ್ನೇ. ಅಧಿಕಾರದಲ್ಲಿದ್ದಾಗ ಅವರ ಎಚ್ಚರಿಕೆ ಒಂದು ಗುಣವೇ ಆಗಿತ್ತು. ಅದು ಕಟ್ಟುವವನ ಎಚ್ಚರಿಕೆ.

ಆದರೆ ಅದೇ ಎಚ್ಚರಿಕೆ ಸ್ವಭಾವವಾಗಿ ಬೇರೂರಿದರೆ ಏನಾಗುವುದೆಂಬುದಕ್ಕೆ ಮೊದಲ ಸೂಚನೆ ದೊರೆತದ್ದು ನಮ್ಮ ಬೆಂಗಳೂರಿನಲ್ಲಿ. 1969ರ ಜುಲೈ ತಿಂಗಳಲ್ಲಿ, ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ, ಪಕ್ಷದ ಸಂಸದೀಯ ಮಂಡಳಿಯಲ್ಲಿ ಚವ್ಹಾಣರು ರಾಷ್ಟ್ರಪತಿ ಸ್ಥಾನಕ್ಕೆ ಸಂಜೀವ ರೆಡ್ಡಿಯವರ ಪರವಾಗಿ ಮತ ನೀಡಿದರು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಅದು ಒಪ್ಪಿಗೆಯಿರಲಿಲ್ಲ. ಆಗಸ್ಟಿನಲ್ಲಿ ಗಿರಿಯವರು ಗೆದ್ದರು. ವರ್ಷದ ಕೊನೆಗೆ ಪಕ್ಷ ಒಡೆದಾಗ ಚವ್ಹಾಣರು ಇಂದಿರಾ ಅವರ ಪಾಳೆಯದಲ್ಲಿದ್ದರು. ಮತ ಒಂದು ಕಡೆ, ನೆಲೆ ಇನ್ನೊಂದು ಕಡೆ.

1977ರ ಸೋಲಿನ ಬಳಿಕ ಅವರು ಲೋಕಸಭೆಯಲ್ಲಿ ವಿರೋಧ ಪಕ್ಷದ ನಾಯಕರಾದರು. ಕಾಂಗ್ರೆಸ್ಸಿಗೆ ಆಗ ದೊರೆತದ್ದು 154 ಸ್ಥಾನ. ಅವರ ಬೆನ್ನ ಹಿಂದೆ ಕುಳಿತವರಲ್ಲಿ 26 ಮಂದಿ ಕರ್ನಾಟಕದವರು. ವಿರೋಧ ಪಕ್ಷದ ನಾಯಕನಿಗೆ ವೇತನ ಮತ್ತು ಸ್ಥಾನಮಾನಗಳನ್ನು ಕಾನೂನಿನ ಮೂಲಕ ಕೊಟ್ಟದ್ದೂ ಅದೇ ವರ್ಷ. ತುರ್ತು ಪರಿಸ್ಥಿತಿಯ ಸಚಿವ ಸಂಪುಟದಲ್ಲಿ ಅವರು ವಿದೇಶಾಂಗ ಸಚಿವರಾಗಿದ್ದವರು. ಆದುದರಿಂದ ಅವರ ಮುಂದೆ ಎರಡೇ ದಾರಿಗಳಿದ್ದವು: ಆದದ್ದು ತಪ್ಪೆಂದು ಘೋಷಿಸಿ ಪಕ್ಷವನ್ನು ಹೊಸದಾಗಿ ಕಟ್ಟುವುದು, ಇಲ್ಲವೆ ಇಂದಿರಾ ಅವರನ್ನು ಸಮರ್ಥಿಸಿ ಅವರ ಜೊತೆಗೇ ನಿಲ್ಲುವುದು. ಅವರು ಒಂದನ್ನೂ ಪೂರ್ತಿಯಾಗಿ ಹಿಡಿಯಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟರೆ ಎರಡೂ ಕೋಣೆಗಳಿಗೆ ಅರೆಬೆಳಕು.

ಇದರ ಫಲ ಬೇಗನೆ ಕಂಡಿತು. 1978ರ ಜನವರಿಯಲ್ಲಿ ಇಂದಿರಾ ಅವರು ತಮ್ಮದೇ ಕಾಂಗ್ರೆಸ್ ಕಟ್ಟಿದರು. ಮರುತಿಂಗಳ ಚುನಾವಣೆಯಲ್ಲಿ ಕರ್ನಾಟಕದಲ್ಲಿ ದೇವರಾಜ ಅರಸರ ನೇತೃತ್ವದಲ್ಲಿ ಆ ಪಕ್ಷ 224ರಲ್ಲಿ 149 ಸ್ಥಾನ ಗೆದ್ದಿತು. ಚವ್ಹಾಣರ ಸ್ವಂತ ಮಹಾರಾಷ್ಟ್ರದಲ್ಲಿ 288ರಲ್ಲಿ ಅವರ ಪಕ್ಷಕ್ಕೆ 69, ಇಂದಿರಾ ಪಕ್ಷಕ್ಕೆ 62. ಒಡೆದವರೇ ಕೂಡಿ ಸರಕಾರ ರಚಿಸಿದರು. ಜುಲೈಯಲ್ಲಿ ಶರದ್ ಪವಾರರು ಹೊರಬಂದು ಮುಖ್ಯಮಂತ್ರಿಯಾದರು. ಇದಕ್ಕೆ ಗುರುವಿನ ಸಮ್ಮತಿ ಇತ್ತೇ ಎಂದು ಪುಣೆಯ ಹಿರಿಯರು ಇಂದಿಗೂ ವಾದಿಸುವುದುಂಟು. ಉತ್ತರ ಏನೇ ಇರಲಿ, ನಾಯಕನ ಮನಸ್ಸು ಯಾವ ಕಡೆ ಇತ್ತೆಂಬುದು ಅನುಯಾಯಿಗಳಿಗೇ ತಿಳಿಯದೆ ಹೋದದ್ದು ನಾಯಕತ್ವದ ದೋಷವಲ್ಲವೆ?

1979ರ ಜುಲೈಯಲ್ಲಿ ಅವರಿಗೆ ಎರಡನೆಯ ಅವಕಾಶ ಒದಗಿತು. ಮತ್ತೆ ವಿರೋಧ ಪಕ್ಷದ ನಾಯಕರಾಗಿ ಮೊರಾರ್ಜಿ ದೇಸಾಯಿ ಸರಕಾರದ ಮೇಲೆ ಅವಿಶ್ವಾಸ ನಿರ್ಣಯ ತಂದರು, ಸರಕಾರ ಬಿದ್ದಿತು. ಸರಕಾರ ರಚಿಸಲು ಅವರನ್ನು ಕರೆದ ರಾಷ್ಟ್ರಪತಿಗಳು ಅದೇ ಸಂಜೀವ ರೆಡ್ಡಿಯವರು! ಆದರೆ ಬೆಂಬಲ ಕೂಡಲಿಲ್ಲ. ಕೊನೆಗೆ ಸಂಸತ್ತನ್ನು ಒಂದು ದಿನವೂ ಎದುರಿಸದ ಚರಣ್ ಸಿಂಗ್ ಸರಕಾರದಲ್ಲಿ ಉಪಪ್ರಧಾನಿಯಾದರು. ವಿರೋಧ ಪೀಠದ ಘನತೆಯನ್ನು ಕೆಲವು ತಿಂಗಳ ಪದವಿಗೆ ಒಪ್ಪಿಸಿದಂತಾಯಿತು.

ಕಚೇರಿಯ ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ಈ ಸ್ವಭಾವ ಅಪರಿಚಿತವಲ್ಲ. ‘ಪರಿಶೀಲಿಸಬಹುದು’, ‘ಚರ್ಚಿಸಿ’, ‘ಸದ್ಯಕ್ಕೆ ಕಾಯ್ದಿರಿಸಿ’ ಎಂಬ ಟಿಪ್ಪಣಿಗಳಿಂದ ಅಧಿಕಾರಿಯ ಕೆಲಸ ಸಾಗುತ್ತದೆ. ಏಕೆಂದರೆ ಅಂತಿಮ ನಿರ್ಧಾರಕ್ಕೆ ಅವನ ಮೇಲೆ ಮತ್ತೊಬ್ಬರಿರುತ್ತಾರೆ. ವಿರೋಧ ಪಕ್ಷದ ನಾಯಕನ ಮೇಲೆ ಜನರ ಹೊರತು ಯಾರೂ ಇಲ್ಲ. ಅವನ ಕೈಯಲ್ಲಿ ಖಾತೆಯಿಲ್ಲ, ಬೊಕ್ಕಸವಿಲ್ಲ. ಇರುವುದು ನಿಲುವು ಒಂದೇ. ಅದನ್ನೂ ಕಾಯ್ದಿರಿಸಿದರೆ ಅವನಲ್ಲಿ ಉಳಿಯುವುದೇನು?

ಗಟ್ಟಿ ನಿಲುವು ತಳೆದಿದ್ದರೂ ಇಂದಿರಾ ಅವರ ಜನಾಕರ್ಷಣೆಯ ಎದುರು ಅವರು ಸೋಲುತ್ತಿದ್ದರೆಂದು ಕೆಲವು ಮಿತ್ರರು ವಾದಿಸುತ್ತಾರೆ. ನಾನು ಒಪ್ಪಲಾರೆ. 1980ರ ಚುನಾವಣೆಯಲ್ಲಿ, ಇಂದಿರಾ ಅಲೆ ದೇಶವನ್ನೇ ಮುಳುಗಿಸಿದಾಗಲೂ, ಅರಸರ ಹೆಸರಿನ ಕಾಂಗ್ರೆಸ್ಸಿನಿಂದ ನಿಂತ ಚವ್ಹಾಣರನ್ನು ಸಾತಾರಾದ ಮತದಾರರು ಗೆಲ್ಲಿಸಿ ಕಳುಹಿಸಿದರು. ಮುಂದೆ ಅವರು ಇಂದಿರಾ ಪಕ್ಷಕ್ಕೇ ಮರಳಿದರು. 1982ರಲ್ಲಿ ಎಂಟನೆಯ ಹಣಕಾಸು ಆಯೋಗದ ಅಧ್ಯಕ್ಷ ಪದವಿ ದೊರೆಯಿತು. 1984ರ ನವೆಂಬರಿನಲ್ಲಿ ತೀರಿಕೊಂಡರು. ಸಾತಾರಾದ ಜನ ತೋರಿದ ಧೈರ್ಯವನ್ನು ಅವರ ಪ್ರತಿನಿಧಿ ತೋರಲಿಲ್ಲ.

ಸೋಲು ನಾಯಕನ ಕೈಯಲ್ಲಿಲ್ಲ, ನಿಲುವು ಅವನ ಕೈಯಲ್ಲಿದೆ. ಸ್ಪಷ್ಟವಾಗಿ ನಿಂತು ಸೋತವನು ಮುಂದಿನವರಿಗೆ ಒಂದು ದಾರಿಯನ್ನಾದರೂ ಬಿಟ್ಟು ಹೋಗುತ್ತಾನೆ. ಕಾಯುತ್ತ ಕುಳಿತವನು ಒಂದು ಹೆಸರನ್ನು ಬಿಟ್ಟು ಹೋಗುತ್ತಾನೆ, ಅಷ್ಟೆ. ವಿರೋಧ ಪೀಠದಲ್ಲಿ ಕೂಡುವವರು ಯಾವ ಪಕ್ಷದವರೇ ಆಗಲಿ, ಕೃಷ್ಣಾ ತೀರದ ಈ ದೊಡ್ಡ ಮನುಷ್ಯನ ಬಾಳಿನಿಂದ ಕಲಿಯಬೇಕಾದ ಪಾಠ ಇದು.