ಹೊಗೆಗೆ ಕಿಂಡಿ ಸಾಕೆ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಅಡುಗೆಮನೆಗೆ ಬೆಳಕಿಂಡಿ ಇರುತ್ತದೆ. ಹೆಸರು ಬೆಳಕಿನದಾದರೂ ಒಲೆಯ ಹೊಗೆಗೂ ಅದೇ ದಾರಿ. ಬಿಸಿಗಾಳಿ ಹಿಗ್ಗಿ, ಹಗುರಾಗಿ ಮೇಲೇರುತ್ತದೆ. ಬಾಗಿಲಿನಿಂದ ನುಗ್ಗುವ ತಂಪುಗಾಳಿ ಅದನ್ನು ಹೊರದೂಡುತ್ತದೆ.

ಹಾಗಾದರೆ ಪಡಸಾಲೆಯಲ್ಲಿ ಅಜ್ಜ ಸೇದುವ ಚುಟ್ಟಾ, ಬೀಡಿಗಳ ಹೊಗೆಗೂ ಕಿಂಡಿಯೊಂದು ಸಾಲದೆ? ಸಾಲದು. ಒಲೆಯ ಹೊಗೆಗೆ ಉರಿಯ ಬಲವಿದೆ. ಚುಟ್ಟಾದ ಹೊಗೆ ಬೇಗ ತಣಿದು ಕೋಣೆಯ ಗಾಳಿಯಲ್ಲೇ ಬೆರೆತುಬಿಡುತ್ತದೆ.

ಎಕ್ಸಾಸ್ಟ್ ಫ್ಯಾನ್ ಹಾಕಿದರೆ? ಲೆಕ್ಕ ನೋಡಿ. ಉದ್ದ, ಅಗಲ, ಎತ್ತರ ತಲಾ 10 ಅಡಿಯ ಕೋಣೆಯಲ್ಲಿ 1,000 ಘನ ಅಡಿ ಗಾಳಿ. ಫ್ಯಾನ್ ಅಷ್ಟನ್ನೂ ಹೊರಹಾಕಿದ ಮಾತ್ರಕ್ಕೆ ಹೊಗೆ ಸೊನ್ನೆಯಾಗದು. ತುಂಬಿದ ಮಜ್ಜಿಗೆ ತಂಬಿಗೆಗೆ ನೀರು ಸುರಿಯುತ್ತ ಹೋಗಿ; ಚೆಲ್ಲುವುದರಲ್ಲಿ ಹೊಸ ನೀರೂ ಇರುತ್ತದೆ, ಮಜ್ಜಿಗೆ ಒಮ್ಮೆಲೇ ಖಾಲಿಯಾಗುವುದಿಲ್ಲ. ಹಾಗೆಯೇ ಹೊಗೆಯ ಶೇಕಡಾ 37ರಷ್ಟು ಒಳಗೇ ಉಳಿಯುತ್ತದೆ. 3,000 ಘನ ಅಡಿ ಹೊರಹಾಕಿದಾಗಲೂ ಶೇಕಡಾ 5 ಬಾಕಿ. ಅಷ್ಟರಲ್ಲಿ ಅಜ್ಜ ಇನ್ನೊಂದು ಹಚ್ಚಿರುತ್ತಾರೆ! ಸೀಲಿಂಗ್ ಫ್ಯಾನಂತೂ ಏನನ್ನೂ ಹೊರಹಾಕದೆ, ಮೂಲೆಯಲ್ಲಿ ಓದುವ ಮೊಮ್ಮಗನವರೆಗೂ ಹೊಗೆಯನ್ನು ಹರಡುತ್ತದೆ. ಗೋಡೆ, ಹಾಸಿಗೆಗೆ ಅಂಟಿದ ನಿಕೋಟಿನ್ ಗಾಳಿ ಬದಲಾದರೂ ಹೋಗದು.

ಗಾಳಿಯಾಟದಿಂದ ಈ ಅಪಾಯ ಪೂರ್ತಿ ನೀಗದೆಂದು ಅಮೆರಿಕದ ಸರ್ಜನ್ ಜನರಲ್ ವರದಿ 2006ರಲ್ಲೇ ಹೇಳಿದೆ. ಭಾರತದಲ್ಲಿ 2008ರ ಅಕ್ಟೋಬರ್ 2ರಿಂದ ಕಟ್ಟುನಿಟ್ಟಾದ ಧೂಮಪಾನ ನಿಷೇಧ ಸಾರ್ವಜನಿಕ ಸ್ಥಳಗಳಿಗೆ. ಮನೆಯೊಳಗೆ ಕಾಯ್ದೆ ಬರುವುದಿಲ್ಲ. ಅಲ್ಲಿ ಹೇಳಬೇಕಾದವರು ಮನೆಯವರೇ. ಅಜ್ಜನ ಬೈಠಕ್ಕು ಹೊರಗಿನ ಕಟ್ಟೆಗೆ, ಅದೂ ಕಿಟಕಿಯಿಂದ ದೂರಕ್ಕೆ ಸರಿಯಲಿ. ಮಳೆಗಾಲದಲ್ಲಿ ಅವರು ಗೊಣಗಿದರೆ ಗೊಣಗಲಿ.