ಪಾಸ್‌ಪೋರ್ಟ್ ನಿಮ್ಮ ಪರ್ಸಿನಲ್ಲಿರಲಿ

ಅಣಶಿ ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ಹೋದರೆ ನೀವೇನೂ ಹೆದರುವುದಿಲ್ಲ. ಯಾರನ್ನಾದರೂ ಕೇಳಿ ಜೋಯಿಡಾ ಆಗಲಿ, ಕದ್ರಾ ಆಗಲಿ ಸೇರಿಕೊಳ್ಳುತ್ತೀರಿ. ಅದೇ ನೀವು, ಯಜಮಾನರ ಜೊತೆ ಸಿಂಗಪುರಕ್ಕೆ ಹೊರಟ ಕೂಡಲೇ ಪಾಸ್‌ಪೋರ್ಟ್, ದುಡ್ಡು, ಹೋಟೆಲ್ ವಿಳಾಸ ಎಲ್ಲವನ್ನೂ ‘ಅವರ’ ಬ್ಯಾಗಿಗೆ ಹಾಕಿ ನಿಶ್ಚಿಂತರಾಗಿಬಿಡುತ್ತೀರಿ. ಇದು ಸರಿಯೇ?

ಮೆಟ್ರೋ ಬಾಗಿಲು ಮುಚ್ಚಿ ಅವರು ಒಳಗೆ, ನೀವು ಹೊರಗೆ ಉಳಿದರೆ ಏನು ಮಾಡ್ತೀರಿ? ಹೊರಗೆ ಉಳಿದವರು ಅಲ್ಲೇ ನಿಲ್ಲುವುದು, ಒಳಗಿದ್ದವರು ಮುಂದಿನ ಸ್ಟೇಷನ್‌ನಲ್ಲಿ ಇಳಿದು ವಾಪಸ್ ಬರುವುದು ಅಂತ ಮೊದಲೇ ಮಾತಾಡಿಕೊಳ್ಳಿ. ನಿಮ್ಮ ಪಾಸ್‌ಪೋರ್ಟ್, ಒಂದಿಷ್ಟು ಸಿಂಗಪುರ ಡಾಲರ್, ಹೋಟೆಲ್ ವಿಳಾಸದ ಚೀಟಿ ನಿಮ್ಮ ಪರ್ಸಿನಲ್ಲೇ ಇರಲಿ. ವೀಸಾ ಅಲ್ಲದೆ, ತಲುಪುವ ಮುಂಚಿನ 3 ದಿನಗಳೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕಾದ ಆಗಮನ ಕಾರ್ಡ್ ಒಂದಿದೆ. ಅದಕ್ಕೆ ಶುಲ್ಕವಿಲ್ಲ. ನಿಮ್ಮದನ್ನು ನೀವೇ ತುಂಬಿ.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಗಿನ 8 ಅಂದರೆ ನಮ್ಮ ದೇಹಕ್ಕಿನ್ನೂ ಐದೂವರೆ! ಮೊದಲ ದಿನವೇ ಎಲ್ಲ ನೋಡಿಬಿಡೋಣ ಅನ್ನೋ ಆತುರ ಬೇಡ. ಸ್ನಾನ, ನಿದ್ದೆ, ಸಂಜೆ ಲಿಟ್ಲ್ ಇಂಡಿಯಾದಲ್ಲಿ ಬಿಸಿ ದೋಸೆ, ಇಷ್ಟು ಸಾಕು. ಹೋಟೆಲಿಗೆ ಮರಳುವ ದಾರಿ ಮಾತ್ರ ನೀವೇ ಹುಡುಕಿ, ಅವರು ಹಿಂದೆ ಬರಲಿ. ಮರುದಿನದಿಂದ ಪ್ರವಾಸ ಇಬ್ಬರದೂ ಆಗುತ್ತದೆ.